ಇಂಗ್ಲೆಂಡಿಗೆ ಬಂದ ಮೇಲೆ ನಟನೆ ಶುರು ಮಾಡೋದು ಹೇಗೆ? ವಯಸ್ಸು 36, ಹವ್ಯಾಸಿ ನಾಟಕ ಬಿಟ್ಟರೆ ಬೇರೇನೂ ಗೊತ್ತಿಲ್ಲ

ಮೈಸೂರ್ ಮಲ್ಲಿಗೆ_ರೆಡಿಂಗ್:

ಎಲ್ಲರಿಗೂ ನಮಸ್ಕಾರ. ರೆಡಿಂಗ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಯಜಮಾನರದು ಸ್ಕಿಲ್ಡ್ ವರ್ಕರ್ ವೀಸಾ, ನನ್ನದು ಡಿಪೆಂಡೆಂಟ್. ಮೈಸೂರಿನಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡೇ ಒಂಬತ್ತು ವರ್ಷ ನಾಟಕ ಮಾಡಿದ್ದೇನೆ. ಸಂಜೆ ಆರೂವರೆಗೆ ರಿಹರ್ಸಲ್, ರಾತ್ರಿ ಹತ್ತಕ್ಕೆ ಸ್ಕೂಟಿ ಹತ್ತಿ ಮನೆ. ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಲ್ಕೈದು ಶೋ ಆಗಿದೆ. ದುಡ್ಡು ಅಂತ ಒಂದು ರೂಪಾಯಿ ಬಂದಿಲ್ಲ, ಚಿತ್ರಾನ್ನ ಬಂದಿದೆ.

ಇಲ್ಲಿ ಮತ್ತೆ ಬ್ಯಾಂಕಿಗೇ ಅರ್ಜಿ ಹಾಕುವ ಬದಲು ಇದನ್ನೇ ಒಂದು ಕೈ ನೋಡೋಣ ಅಂತ ಆಸೆ. ಹೋದ ತಿಂಗಳು ಒಂದು ಏಜೆನ್ಸಿಯವರು ಆಫೀಸಿಗೆ ಕರೆದರು. ಎರಡು ನಿಮಿಷ ಮಾತಾಡಿಸಿ, "ನಿಮ್ಮಂಥ ಮುಖಕ್ಕೆ ಈಗ ಒಳ್ಳೇ ಡಿಮ್ಯಾಂಡ್ ಇದೆ" ಅಂದರು. ಆಮೇಲೆ ಫೋಟೋ ತೆಗೆಸೋದಕ್ಕೆ 395 ಪೌಂಡ್ ಅಂದರು. ಕಾರ್ಡ್ ಕೈಗೆ ತಗೊಂಡಿದ್ದೆ. ಪಿನ್ ಒತ್ತುವಾಗ ಯಾಕೋ ಅನುಮಾನ ಬಂತು. ಯಜಮಾನರನ್ನ ಕೇಳಿ ಬರ್ತೀನಿ ಅಂತ ಸುಳ್ಳು ಹೇಳಿ ಎದ್ದು ಬಂದೆ. (ಅವರನ್ನ ಕೇಳಿ ನಾನು ಯಾವತ್ತೂ ಏನೂ ಮಾಡಿದವಳಲ್ಲ.)

ಇಲ್ಲಿ ಇದೇ ಪದ್ಧತಿನಾ? ಇಲ್ಲಿಯವರೆಗೆ ಏಳು ಸೆಲ್ಫ್ ಟೇಪ್ (ಮನೆಯಲ್ಲೇ ಫೋನಲ್ಲಿ ತೆಗೆದ ಆಡಿಷನ್ ವಿಡಿಯೋ) ಕಳಿಸಿದ್ದೇನೆ, ಒಂದಕ್ಕೂ ಉತ್ತರ ಇಲ್ಲ. ನನ್ನ ಇಂಗ್ಲಿಷ್ ಉಚ್ಚಾರವೇ ಅಡ್ಡಿ ಅಂತ ಅನಿಸಿಬಿಟ್ಟಿದೆ.

ಸ್ಲೌ ಸೀನ:

ಅಕ್ಕ, ಎದ್ದು ಬಂದಿದ್ದು ಒಳ್ಳೇದಾಯ್ತು. ವೀಸಾ ವಿಷಯ ಮಾತ್ರ ನಾನು ಹೇಳ್ತೀನಿ, ಉಳಿದಿದ್ದು ಸರೋಜಮ್ಮ ಹೇಳ್ತಾರೆ.

ನಿಮ್ಮ ವೀಸಾದಲ್ಲಿ ನಟನೆ ಮಾಡಬಹುದು. ಸ್ವಂತ ಉದ್ಯೋಗವಾಗಿಯೂ ಮಾಡಬಹುದು. ಡಿಪೆಂಡೆಂಟ್‌ಗೆ ಬೇಡ ಅಂದಿರೋದು ವೃತ್ತಿಪರ ಕ್ರೀಡೆ, ಕೋಚಿಂಗ್ ಅಷ್ಟೇ. ನನ್ನಂಥ ಸ್ಟೂಡೆಂಟ್ ವೀಸಾದವರ ಕಥೆಯೇ ಬೇರೆ. ವಾರಕ್ಕೆ 20 ಗಂಟೆ ಅಂಗಡಿಯಲ್ಲಿ ನಿಲ್ಲಬಹುದು, ಆದರೆ ಎಂಟರ್‌ಟೈನರ್ ಆಗಿ ಒಂದು ಗಂಟೆಯೂ ದುಡಿಯುವಂತಿಲ್ಲ. ಒಂದು ಸೀರಿಯಲ್‌ನಲ್ಲಿ ಗುಂಪಲ್ಲಿ ನಿಲ್ಲೋದಕ್ಕೆ ಕರೆದಿದ್ದರು. ಪುಣ್ಯಕ್ಕೆ ಮುಂಚೆ ಯೂನಿವರ್ಸಿಟಿಯಲ್ಲಿ ಕೇಳಿದೆ, ಬೇಡ ಅಂದರು, ಬಚಾವ್.

ಇನ್ನೊಂದು. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ಇಂಥ ಕೆಲಸದಿಂದ 1,000 ಪೌಂಡ್ ದಾಟಿದರೆ ಟ್ಯಾಕ್ಸ್‌ನವರ ಹತ್ತಿರ ಹೆಸರು ಬರೆಸಬೇಕು. ಟ್ರೈನ್ ಟಿಕೆಟ್ಟು, ಫೋಟೋ ಬಿಲ್ಲು ಎಲ್ಲಾ ಇಟ್ಟುಕೊಳ್ಳಿ.

ಈಸ್ಟ್ ಹ್ಯಾಮ್ ಸರೋಜ:

ಮಲ್ಲಿಗೆ ಅವರೇ, ನಾನು ಇಲ್ಲಿಗೆ ಬಂದಾಗ ನನಗೆ 41. ಮಗಳು ಹೈಸ್ಕೂಲು. ಹಾಗಾಗಿ ವಯಸ್ಸಿನ ಮಾತು ನನ್ನ ಮುಂದೆ ಬೇಡ.

ಮೊದಲು ಆ ಏಜೆನ್ಸಿ. ನಿಜವಾದ ಏಜೆಂಟ್ ನಿಮಗೆ ಕೆಲಸ ಕೊಡಿಸಿ, ಬಂದ ದುಡ್ಡಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಮೊದಲೇ ದುಡ್ಡು ಕೇಳಿದರೆ ಅವನ ವ್ಯಾಪಾರ ಫೋಟೋ, ನಟನೆ ಅಲ್ಲ. ಫೋಟೋ ಬೇಕೇ ಬೇಕು, ಆದರೆ ಫೋಟೋಗ್ರಾಫರನ್ನ ನೀವೇ ಆರಿಸಿ. ಮೇಕಪ್ ಕಡಿಮೆ ಮಾಡಿ. ಬಾಗಿಲು ತೆಗೆದಾಗ ಫೋಟೋದಲ್ಲಿದ್ದ ಹೆಂಗಸೇ ಒಳಗೆ ಬರಬೇಕು.

ಇಲ್ಲಿ ಸ್ಪಾಟ್‌ಲೈಟ್ ಅಂತ ನಟರ ಡೈರೆಕ್ಟರಿ ಒಂದಿದೆ, 1927ರಿಂದ ನಡೀತಾ ಇದೆ. ಕಾಸ್ಟಿಂಗ್ ಮಾಡುವವರು ನಟರನ್ನ ಹುಡುಕೋದು ಅಲ್ಲೇ. ಬರೀ ದುಡ್ಡು ಕಟ್ಟಿದರೆ ಸೇರಿಸಿಕೊಳ್ಳಲ್ಲ. ತರಬೇತಿ ಆಗಿರಬೇಕು, ಇಲ್ಲಾ ವೃತ್ತಿಪರವಾಗಿ ಮಾಡಿದ ಕೆಲಸ ತೋರಿಸಬೇಕು. ನಮ್ಮ ಹವ್ಯಾಸಿ ನಾಟಕದ ಪಟ್ಟಿ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ನಂಗೂ ಬೇಜಾರಾಗಿತ್ತು. ಅದಕ್ಕೇ ಶುರು ಮಾಡೋದು ವಿದ್ಯಾರ್ಥಿಗಳ ಸಿನಿಮಾದಿಂದ. ನಿಮಗೆ ಹತ್ತಿರದಲ್ಲೇ ಬೀಕನ್ಸ್‌ಫೀಲ್ಡ್‌ನಲ್ಲಿ ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್ ಇದೆ. ಆ ಹುಡುಗರಿಗೆ ಇಪ್ಪತ್ತರ ಸಹಪಾಠಿಗಳು ಬೇಕಾದಷ್ಟು ಸಿಗ್ತಾರೆ. ತಾಯಿ, ಟೀಚರ್, ಮನೆ ಓನರ್ ಸಿಗಲ್ಲ. ಮ್ಯಾಂಡಿ, ಬ್ಯಾಕ್‌ಸ್ಟೇಜ್‌ನಂಥ ಸೈಟ್‌ಗಳಲ್ಲಿ ಜಾಹೀರಾತು ಬರುತ್ತೆ. ಕಲಿಯಬೇಕು ಅಂದರೆ ಲಂಡನ್ನಿನ ಸಿಟಿ ಲಿಟ್‌ನಲ್ಲಿ ಸಂಜೆ ಕ್ಲಾಸು ಇದೆ, ಡ್ರಾಮಾ ಸ್ಕೂಲಿನಷ್ಟು ಫೀಸಿಲ್ಲ. ನಮ್ಮ ಕಡೆಯವರ ಕಥೆ ಆಡುವ ಕಂಪನಿಗಳೂ ಇವೆ. ಅರ್ಲ್ಸ್‌ಫೀಲ್ಡ್‌ನ ತಾರಾ 1977ರದ್ದು, ತಮಾಷಾ 1989ರದ್ದು, ಕಾಳಿ ಅಂತ ಇನ್ನೊಂದು. ಹೋಗಿ ನಾಟಕ ನೋಡಿ, ಮುಗಿದ ಮೇಲೆ ತಕ್ಷಣ ಟ್ರೈನ್ ಹಿಡಿಯಬೇಡಿ. ಅಲ್ಲೇ ನಿಂತು ಮಾತಾಡಿಸಿ.

ಈಗ ಟೇಪ್. ನೀವು ಮೆಸೇಜಲ್ಲಿ ಕಳಿಸಿದ ಎರಡನ್ನೂ ನೋಡಿದೆ. ನಿಮ್ಮ ಉಚ್ಚಾರದಲ್ಲಿ ಅಂಥದ್ದೇನಿಲ್ಲ. ನೀವು ಭೂಮಿಗೀತದ ಕೊನೇ ಸಾಲಿಗೆ ಕೇಳಿಸೋ ಹಾಗೆ ಮಾತಾಡ್ತಿದ್ದೀರಿ. ಫೋನು ಮೂರಡಿ ದೂರದಲ್ಲಿದೆ! "ಮಗ ಫೋನ್ ಎತ್ತುತ್ತಿಲ್ಲ" ಅನ್ನೋ ಸಾಲಿಗೆ ಹುಬ್ಬು, ಕೈ, ಸೆರಗು ಎಲ್ಲಾ ಕೆಲಸ ಮಾಡಿವೆ. ಕ್ಯಾಮೆರಾಗೆ ಅಷ್ಟು ಬೇಡ. ಫೋನ್ ಅಡ್ಡ ಇಡಿ, ಎದೆಯಿಂದ ಮೇಲೆ ಕಾಣಲಿ. ಬೆನ್ನ ಹಿಂದೆ ಕಿಟಕಿ ಬೇಡ, ಮುಖ ಕಪ್ಪಗಾಗಿದೆ. ಎದುರು ಪಾತ್ರದ ಸಾಲು ಓದುವವರು ಫೋನಿನ ಪಕ್ಕಕ್ಕೆ ಅಂಟಿಕೊಂಡು ನಿಲ್ಲಲಿ, ನೀವು ಅವರ ಕಣ್ಣು ನೋಡಿ. ಎರಡನೇ ಟೇಪ್‌ನಲ್ಲಿ ನಿಮ್ಮ ಯಜಮಾನರು ಕರೆಂಟ್ ಬಿಲ್ ಓದೋ ಥರ ಓದಿದ್ದಾರೆ, ಮಧ್ಯೆ ಕುಕ್ಕರ್ ಎರಡು ಸಲ ಕೂಗಿದೆ. ಆದರೆ ಎರಡನೇ ಕೂಗಿಗೆ ನೀವು ಅಡುಗೆಮನೆ ಕಡೆ ಒಂದು ಕ್ಷಣ ತಿರುಗಿದಿರಲ್ಲ, ಇಡೀ ಟೇಪ್‌ನಲ್ಲಿ ನಾನು ನಂಬಿದ್ದು ಅದೊಂದನ್ನೇ.

ಉಚ್ಚಾರದಲ್ಲಿ ನನ್ನನ್ನ ತಿದ್ದಿದ್ದು ಎರಡೇ ಕಡೆ. ನಮಗೆ ಇರೋದು ಒಂದೇ 'ವ', ಇವರಿಗೆ ಎರಡು. ನಾನು "ವೆಸ್ಟ್" ಅಂದರೆ ಪಶ್ಚಿಮವೋ ಬನಿಯನ್ನೋ ಯಾರಿಗೂ ಗೊತ್ತಾಗ್ತಿರಲಿಲ್ಲ. ತುಟಿ ದುಂಡಗೆ ಮಾಡಿದರೆ ಪಶ್ಚಿಮ, ಹಲ್ಲು ತುಟಿಗೆ ತಾಗಿದರೆ ಬನಿಯನ್. ಇನ್ನೊಂದು ಒತ್ತು. ನಾವು ಎಲ್ಲಾ ಪದಕ್ಕೂ ಒಂದೇ ತೂಕ ಹಾಕಿ ಓಡ್ತೀವಿ. ಇವರು ಒಂದು ಪದ ಒತ್ತಿ ಉಳಿದದ್ದನ್ನ ನುಂಗ್ತಾರೆ. ಅಷ್ಟು ಸರಿ ಮಾಡಿಕೊಂಡು ನಿಮ್ಮ ದನಿ ನಿಮ್ಮದಾಗಿ ಇಟ್ಟುಕೊಳ್ಳಿ. ಒಂದು ಆಡಿಷನ್‌ನಲ್ಲಿ "ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾತಾಡಿ" ಅಂದರು. ನಾನು ದಾವಣಗೆರೆಯವಳು, ಇದಕ್ಕಿಂತ ಜಾಸ್ತಿ ಹೇಗೆ ಆಗಲಿ? ತಲೆ ಅಲ್ಲಾಡಿಸಿ ಏನೋ ಮಾಡಿದೆ. ಪಾತ್ರ ಸಿಗಲಿಲ್ಲ, ಮಾನ ಹೋಗಿದ್ದು ಲಾಭ. ಈಗ ಹಾಗೆ ಕೇಳಿದರೆ "ಈ ಹೆಂಗಸು ಯಾವ ಊರಿನವಳು?" ಅಂತ ತಿರುಗಿ ಕೇಳ್ತೀನಿ. ಅರ್ಧ ಜನರ ಹತ್ತಿರ ಉತ್ತರ ಇರಲ್ಲ.

ಕ್ರಾಯ್ಡನ್ ಕುಲಕರ್ಣಿ:

ಬೇಜಾರು ಮಾಡ್ಕೋಬೇಡಿ ತಂಗಿ. ಬ್ಯಾಂಕ್ ಅನುಭವ ಇದೆ ಅಂತೀರಿ, ಮೊದಲು ಆ ಕೆಲಸ ಹಿಡೀರಿ. ಇಲ್ಲಿ ಮನೆ ಬಾಡಿಗೆ ನೋಡಿದ್ದೀರಲ್ಲ? ನಟನೆ ಶನಿವಾರ, ಭಾನುವಾರ ಇಟ್ಟುಕೊಂಡರಾಯ್ತು.

ಈಸ್ಟ್ ಹ್ಯಾಮ್ ಸರೋಜ:

ಕುಲಕರ್ಣಿಯವರು ಹೇಳೋದು ಸುಳ್ಳಲ್ಲ. ನಾನು ಇವತ್ತಿಗೂ ಒಂದು ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡ್ತೀನಿ. ಆದರೆ ಆಡಿಷನ್‌ಗಳು ಶನಿವಾರ ಬರಲ್ಲ ಸರ್. ಮಂಗಳವಾರ ಮಧ್ಯಾಹ್ನ ಮೆಸೇಜು, ಬುಧವಾರ ಸಂಜೆ ಒಳಗೆ ಟೇಪ್. ಹಾಗಾಗಿ ಯಾವ ಕೆಲಸ ಅನ್ನೋದಕ್ಕಿಂತ ಶಿಫ್ಟ್ ಬದಲಾಯಿಸೋಕೆ ಬಿಡ್ತಾರಾ ಅಂತ ನೋಡಿ. ನನಗೆ ದುಡ್ಡು ಬಂದ ಮೊದಲ ಪಾತ್ರ ಆಸ್ಪತ್ರೆಯ ರಿಸೆಪ್ಷನಿಸ್ಟ್. ಒಂದೇ ಸಾಲು, "ಡಾಕ್ಟರ್ ಇವತ್ತು ಬರಲ್ಲ." ಅವತ್ತು ಅಡುಗೆಮನೆಯ ಗೆಳತಿ ನನ್ನ ಪಾಲಿನ ಇನ್ನೂರು ತಟ್ಟೆ ತೊಳೆದಳು.

ಮೈಸೂರ್ ಮಲ್ಲಿಗೆ_ರೆಡಿಂಗ್:

ಮೂರು ವಾರ ಆದ ಮೇಲೆ ಬರೀತಿದ್ದೇನೆ, ಕ್ಷಮಿಸಿ. ಸರೋಜಕ್ಕ, ಕುಕ್ಕರ್ ಆರಿಸಿ, ಮಲಗುವ ಕೋಣೆಯ ಬಿಳಿ ಗೋಡೆ ಮುಂದೆ ನಿಂತು ಹೊಸದಾಗಿ ಮಾಡಿದೆ. ಯಜಮಾನರು ಒಂಬತ್ತನೇ ಟೇಕ್‌ಗೆ "ನಾನೂ ಸ್ವಲ್ಪ ಭಾವನೆ ಹಾಕಲಾ?" ಅಂತ ಕೇಳಿದರು. ಬೇಡ ಅಂದೆ. ಹತ್ತನೆಯದರಲ್ಲಿ ಕೈ ಎರಡೂ ಜೇಬಿನಲ್ಲಿ ಇಟ್ಟುಕೊಂಡೇ ಸಾಲು ಹೇಳಿದೆ. ಏನೂ ಮಾಡಲೇ ಇಲ್ಲ ಅನಿಸಿತು. ಅದನ್ನೇ ಕಳಿಸಿದೆ.

ನಿನ್ನೆ ಒಬ್ಬ ಫಿಲ್ಮ್ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ಬಾಡಿಗೆ ಬಾಕಿ ಕೇಳಲು ಬರುವ ಮನೆ ಓನರ್ ಪಾತ್ರ, ಮೂರು ಸೀನು. ಸಂಬಳ ಇಲ್ಲ, ಹೋಗಿ ಬರುವ ಖರ್ಚು, ಊಟ ಕೊಡ್ತಾರಂತೆ. ಬ್ಯಾಂಕಿನಲ್ಲಿ ಸಾಲದ ಕಂತು ವಸೂಲಿ ನೋಡಿಕೊಂಡವಳು ನಾನು, ಪಾತ್ರಕ್ಕೆ ಬೇರೆ ತಯಾರಿ ಬೇಕಾ!

ಭಾನುವಾರ ಬೆಳಿಗ್ಗೆ ಏಳಕ್ಕೆ ಬೀಕನ್ಸ್‌ಫೀಲ್ಡ್‌ನಲ್ಲಿ ಇರಬೇಕು. ರೆಡಿಂಗ್‌ನಿಂದ ನೇರ ಟ್ರೈನ್ ಇಲ್ಲ. ಯಾರಾದರೂ ಆ ಕಡೆ ಕಾರಲ್ಲಿ ಹೋಗುವವರಿದ್ದರೆ ಹೇಳಿ. ಪೆಟ್ರೋಲಿಗೆ ಕೊಡ್ತೀನಿ, ಜೊತೆಗೆ ಚಿತ್ರಾನ್ನ.