ಸಂಬಂಧದ ಮದುವೆ, ಹ್ಯಾಬ್ಸ್‌ಬರ್ಗ್ ಮನೆತನ ಮತ್ತು ನಮ್ಮ ಮನೆ ಗ್ರೂಪು

ಸೀನು: (ಫಾರ್ವರ್ಡ್) ಸಂಬಂಧದಲ್ಲೇ ಮದುವೆಯಾಗಿ ಇಡೀ ವಂಶವೇ ನಾಶ! ಯುರೋಪನ್ನು ಆಳಿದ ಹ್ಯಾಬ್ಸ್‌ಬರ್ಗ್ ರಾಜರ ಕಥೆ. ಎಲ್ಲರಿಗೂ ಕಳಿಸಿ.

ಸೀನು: ನಾನು ಮೊದಲಿನಿಂದ ಹೇಳುತ್ತಲೇ ಇದ್ದೆ.

ದೊಡ್ಡಪ್ಪ: ಯಾರಿಗಪ್ಪ ಹೇಳುತ್ತಿದ್ದೀಯ? ನಿನ್ನ ದೊಡ್ಡಮ್ಮ ನನ್ನ ಸ್ವಂತ ಅಕ್ಕನ ಮಗಳು. ಮೂರೂ ಮಕ್ಕಳು ಗಟ್ಟಿಮುಟ್ಟಾಗಿಲ್ವಾ? ಹಿರಿಯರು ಸುಮ್ನೆ ಮಾಡಿದ್ದಲ್ಲ.

ಸೀನು: ನಿಮಗಲ್ಲ ದೊಡ್ಡಪ್ಪ.

ಅತ್ತೆ: ಯಾರಿಗೆ ಅಂತ ನನಗೆ ಗೊತ್ತು. ನನ್ನ ಮಗಳನ್ನು ಬೇಡ ಅಂದಾಗ ಜಾತಕ ಕೂಡಲಿಲ್ಲ ಅಂದಿದ್ದೆ. ಈಗ ಯುರೋಪಿನ ರಾಜರು ನೆನಪಾದರಾ?

ವಿದ್ಯಾ: ಯಾರಾದರೂ ಪೂರ್ತಿ ಓದಿದಿರಾ? ಇದನ್ನು ಬರೆದವರು ಯಾರು ಸೀನಣ್ಣ? ಮದುವೆಗಳ ವಿಷಯ ನಿಜ, ‘ಇಡೀ ವಂಶ’ ಎನ್ನುವುದು ಸುಳ್ಳು. ಮುಗಿದದ್ದು ಸ್ಪೇನಿನ ಕವಲು. 1700ರಲ್ಲಿ ಅಲ್ಲಿನ ರಾಜ ಎರಡನೇ ಕಾರ್ಲೋಸ್ ಮಕ್ಕಳಿಲ್ಲದೆ ಸತ್ತ, 38 ವರ್ಷಕ್ಕೆ. ಆಸ್ಟ್ರಿಯಾದ ಕವಲಿನಲ್ಲಿ 1740ಕ್ಕೆ ಗಂಡು ಸಂತಾನ ನಿಂತಿತು. ಮಗಳು ಮರಿಯಾ ಥೆರೇಸಾ ಪಟ್ಟಕ್ಕೆ ಬಂದಳು. ಅವಳಿಗೆ 16 ಮಕ್ಕಳು. ಅವರ ವಂಶ 1918ರವರೆಗೂ ಆಳಿತು.

ಸೀನು: ನಿನಗೆ ಎಲ್ಲದಕ್ಕೂ ಆಧಾರ ಬೇಕು.

ದೊಡ್ಡಪ್ಪ: ಮಗಳ ಮಕ್ಕಳು ಹೇಗಮ್ಮ ಆ ಮನೆಯ ವಂಶ ಆಗುತ್ತಾರೆ?

ಅತ್ತೆ: ಪಾಲು ಮಾಡಿದ ದಿನವೂ ಇದೇ ಮಾತು ಆಡಿದ್ದಿರಿ ಅಣ್ಣ.

ವಿದ್ಯಾ: ಅವಳಪ್ಪ 1713ರಲ್ಲೇ, ಅವಳು ಹುಟ್ಟುವ ಮೊದಲೇ, ಹೆಣ್ಣುಮಕ್ಕಳಿಗೂ ಹಕ್ಕಿದೆ ಅಂತ ಶಾಸನ ಮಾಡಿದ್ದ. ಅವನು ಸತ್ತ ವರ್ಷವೇ ಪಕ್ಕದ ಪ್ರಷ್ಯಾ ರಾಜ್ಯದ ರಾಜ ಅವಳ ಸೈಲೀಸಿಯಾ ಪ್ರಾಂತ್ಯಕ್ಕೆ ನುಗ್ಗಿದ. 1748ರವರೆಗೆ ಯುದ್ಧ ನಡೆಯಿತು. ಸೈಲೀಸಿಯಾದ ಬಹುಭಾಗ ಹೋಯಿತು, ಉಳಿದದ್ದರಲ್ಲಿ ಹೆಚ್ಚಿನದನ್ನು ಅವಳು ಬಿಡಲಿಲ್ಲ.

ಅತ್ತೆ: ಅಣ್ಣ, ಓದಿಕೊಳ್ಳಿ.

ಗಿರೀಶ: ದೊಡ್ಡಪ್ಪನ ಮದುವೆ ಅಂದರೆ ನನಗೆ ಚಿರೋಟಿ ನೆನಪು. ಹಿತ್ತಲಲ್ಲಿ ಚಪ್ಪರ, ಬಾಳೆಲೆ ಮೇಲೆ ಬಾದಾಮಿ ಹಾಲು ಹರಿದು ಪಕ್ಕದವರ ಎಲೆಗೆ ಹೋಗಿತ್ತು. ಆ ಫೋಟೊ ಯಾರ ಹತ್ತಿರ ಇದೆ?

ಸೀನು: ವಿಷಯ ಬಿಟ್ಟು ಎಲ್ಲಿಗೋ ಹೋದಿರಿ. ಫಾರ್ವರ್ಡಿನ ಚಿತ್ರ ನೋಡಿ.

ವಿದ್ಯಾ: ಚಿತ್ರದ ಮಧ್ಯೆ ಅಗಲ ಲಂಗ ಹಾಕಿ ನಿಂತಿರುವ ಮಗು ಮಾರ್ಗರಿಟಾ, ಕಾರ್ಲೋಸನ ಅಕ್ಕ. 1656ರಲ್ಲಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದದ್ದು. 15 ವರ್ಷಕ್ಕೆ ವಿಯೆನ್ನಾದಲ್ಲಿ ಸೋದರಮಾವ, ಆಸ್ಟ್ರಿಯಾ ಕವಲಿನ ಚಕ್ರವರ್ತಿ ಲಿಯೋಪೋಲ್ಡನ ಜೊತೆ ಮದುವೆ. ಅವಳ ಅಮ್ಮನನ್ನೂ ಆ ಅಮ್ಮನ ಸೋದರಮಾವನಿಗೇ ಕೊಟ್ಟಿದ್ದರು. ಮೊದಲು ನಿಶ್ಚಯ ಆಗಿದ್ದು ಅವನ ಮಗನಿಗೆ. ಮಗ ತೀರಿಕೊಂಡ, 1649ರಲ್ಲಿ ಅಪ್ಪನೇ ಕಟ್ಟಿಕೊಂಡ. ಒಂದು ಮದುವೆಯಲ್ಲೂ ಅಪಾಯ ಇದ್ದೇ ಇದೆ ದೊಡ್ಡಪ್ಪ. ತಲೆಮಾರು ತಲೆಮಾರಿಗೂ ಹೀಗೇ ಮಾಡಿದರೆ ಅದು ಕೂಡುತ್ತಾ ಹೋಗುತ್ತದೆ. ಸೋದರಮಾವನಿಗೆ ಹುಟ್ಟಿದ ಮಗುವಿನ ರಕ್ತಸಂಬಂಧದ ಲೆಕ್ಕ, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಒಬ್ಬರೇ ಪೂರ್ವಜರ ಒಂದೇ ಜೀನ್ ಬರುವ ಸಾಧ್ಯತೆ, 0.125. ಕಾರ್ಲೋಸನದು 0.254 ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ, ಒಡಹುಟ್ಟಿದವರಿಗೆ ಹುಟ್ಟಿದ ಮಗುವಿಗಿಂತ ಜಾಸ್ತಿ.

ದೊಡ್ಡಪ್ಪ: ರಾಜರ ಲೆಕ್ಕ ನಮಗೆ ಬೇಡ. ದೊಡ್ಡವರ ಬಗ್ಗೆ ಮಾತಾಡುವಾಗ ಮರ್ಯಾದೆ ಇರಲಿ.

ದೊಡ್ಡಮ್ಮ: ವಿದ್ಯಾ, ಆ ಹುಡುಗಿಗೆ ಮಕ್ಕಳಾಗಿದ್ದವಾ?

ವಿದ್ಯಾ: ನಾಲ್ಕು, ದೊಡ್ಡಮ್ಮ. ಒಬ್ಬಳು ಮಗಳು ಮಾತ್ರ ಉಳಿದಳು. ಮಾರ್ಗರಿಟಾ 21ಕ್ಕೇ ತೀರಿಕೊಂಡಳು.

ದೊಡ್ಡಮ್ಮ: ನನಗೂ ಈ ಮೂರಕ್ಕೆ ಮುಂಚೆ ಎರಡು ಹೋದವು. ಯಾಕೆ ಅಂತ ಡಾಕ್ಟರು ಹೇಳಲಿಲ್ಲ, ಇವರೂ ಕೇಳಲಿಲ್ಲ.

ದೊಡ್ಡಪ್ಪ: ಅದನ್ನೆಲ್ಲ ಗ್ರೂಪಿನಲ್ಲಿ ಯಾಕೆ ಬರೆಯುತ್ತೀಯ?

ಅತ್ತೆ: ಬರೆಯಲಿ ಬಿಡಿ ಅಣ್ಣ. ಭಾನುವಾರ ಬರುತ್ತೇನೆ, ಪಾಲಿನ ಕಾಗದ ತೆಗೆದಿಡಿ.