ಸಹಾಯ ಬೇಕು: ಶಿವಮೊಗ್ಗದಲ್ಲಿ ಕೂದಲಿಗೆ ಪಿಆರ್‌ಪಿ ಮಾಡಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ವಯಸ್ಸು 36. ಮೂರು ವರ್ಷದಿಂದ ಬೈತಲೆ ಅಗಲವಾಗುತ್ತಾ ಬಂದಿದೆ. ಅಮ್ಮನಿಗೂ ಹೀಗೇ ಆಗಿತ್ತು. ಬಾವಿ ನೀರಿನಿಂದ ಅಂತ ಸುಮ್ನೆ ಅಂದುಕೊಂಡಿದ್ದೆ. ದಾಸವಾಳದ ಸೊಪ್ಪು, ಕೊಬ್ಬರಿ ಎಣ್ಣೆ ಎಲ್ಲ ಆಯಿತು. ಕೂದಲು ನುಣುಪಾಯಿತು, ಉದುರುವುದು ಮಾತ್ರ ನಿಲ್ಲಲಿಲ್ಲ.

ಚರ್ಮದ ಡಾಕ್ಟರು ಥೈರಾಯ್ಡ್, ಕಬ್ಬಿಣದ ಅಂಶ ಎರಡೂ ಪರೀಕ್ಷೆ ಮಾಡಿಸಿದರು. ಎರಡೂ ಸರಿ ಇವೆ. ಇದು ವಂಶದಲ್ಲಿ ಬರುವಂಥದ್ದು, ಕೂದಲಿನ ಬುಡ ಸಣ್ಣಗಾಗುತ್ತಾ ಹೋಗುತ್ತದೆ ಅಂದರು. ಹಚ್ಚಲು ಮಿನಾಕ್ಸಿಡಿಲ್ ಕೊಟ್ಟರು. ಮೊದಲ ತಿಂಗಳು ಇನ್ನೂ ಜಾಸ್ತಿ ಉದುರಿತು. ಅಳುವೇ ಬಂತು. ಶುರುವಿನಲ್ಲಿ ಹಾಗಾಗುತ್ತದೆ, ಬಿಡಬೇಡಿ ಅಂದಿದ್ದಕ್ಕೆ ಮುಂದುವರಿಸಿದೆ. ಈಗ ಆರು ತಿಂಗಳಾಯಿತು. ಉದುರುವುದು ಕಡಿಮೆ ಆಗಿದೆ, ಬೈತಲೆ ಹಾಗೇ ಇದೆ.

ಈಗ ಪಿಆರ್‌ಪಿ ಮಾಡಿಸಿ ಅಂದಿದ್ದಾರೆ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ನೆತ್ತಿಗೆ ಸೂಜಿಯಲ್ಲಿ ಕೊಡುತ್ತಾರಂತೆ. ತಿಂಗಳಿಗೊಮ್ಮೆ, ಮೊದಲು 3 ಸಲ. ಇನ್ನೊಂದು ಕಡೆ ವಿಚಾರಿಸಿದರೆ 8 ಸಲದ ಹಣ ಒಟ್ಟಿಗೇ ಕಟ್ಟಿ, ಕೂದಲು ಬರುವುದು ಗ್ಯಾರಂಟಿ ಅಂದರು. ಆ ಮಾತು ಕೇಳಿಯೇ ನನಗೆ ನಂಬಿಕೆ ಹೋಯಿತು. ಯಾರಿಗಾದರೂ ಹಾಗೆ ಗ್ಯಾರಂಟಿ ಕೊಡಲು ಆಗುತ್ತದಾ?

ಮಾಡಿಸಿಕೊಂಡವರು ದಯವಿಟ್ಟು ಹೇಳಿ. ನೋವು ತಡೆಯುವಷ್ಟು ಇರುತ್ತದಾ? ಒಂದು ಸಲಕ್ಕೆ ಎಷ್ಟಾಯಿತು? ಅವತ್ತೇ ಬಸ್ಸಿನಲ್ಲಿ ಊರಿಗೆ ವಾಪಸ್ ಬರಬಹುದಲ್ವಾ? ಮಿನಾಕ್ಸಿಡಿಲ್ ಜೊತೆಗೇ ಮುಂದುವರಿಸಿದಿರಾ? ಹೆಂಗಸರು ಯಾರಾದರೂ ಇದ್ದರೆ, ಬೈತಲೆ ನಿಜವಾಗಿ ತುಂಬಿತಾ ಅಂತ ತಿಳಿಸಿ. ಇಲ್ಲಿ ಬರೆಯಲು ಸಂಕೋಚವಾದರೆ ಮೆಸೇಜ್ ಮಾಡಿ. ಮುಂದಿನ ವಾರ ಡಾಕ್ಟರಿಗೆ ಉತ್ತರ ಹೇಳಬೇಕು.