ಬಸ್ಸಿನಲ್ಲಿ ಊರಿಗೆ ಒಯ್ಯುವಷ್ಟು ಸಣ್ಣ ಎಡಿಟಿಂಗ್ ಪಿಸಿ: ಯಾವ ಕೇಸ್, ಒಳಗೆ ಏನೇನು?

ಕೊಪ್ಪದ ಎಡಿಟರ್:

ಎಲ್ಲರಿಗೂ ನಮಸ್ಕಾರ. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಇರುವುದು ಬೆಂಗಳೂರಿನ ವಿಜಯನಗರದ ಒಂದು ರೂಮಿನಲ್ಲಿ. ತಿಂಗಳಿಗೊಮ್ಮೆ ಕೊಪ್ಪಕ್ಕೆ ಹೋಗುತ್ತೇನೆ. ಅಡಿಕೆ ಕೊಯ್ಲು ಬಂದರೆ ಹದಿನೈದು ದಿನ ಅಲ್ಲೇ. ಆದರೆ ಕೆಲಸ ನಿಲ್ಲಿಸುವ ಹಾಗಿಲ್ಲ. ಆಲ್ಬಮ್ ತಡವಾದರೆ ಸುಮ್ಮನಿರುತ್ತಾರೆ, ವಿಡಿಯೊ ತಡವಾದರೆ ಹುಡುಗಿ ಮನೆಯವರು ದಿನಾ ಫೋನ್ ಮಾಡುತ್ತಾರೆ.

ಇಷ್ಟು ದಿನ ಲ್ಯಾಪ್‌ಟಾಪ್ ಇತ್ತು. ಎಕ್ಸ್‌ಪೋರ್ಟ್‌ಗೆ ಹಾಕಿದರೆ ಕೀಬೋರ್ಡ್ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ಹೋದ ತಿಂಗಳು ಮದರ್‌ಬೋರ್ಡೇ ಹೋಯಿತು. ಪೂರ್ತಿ ಬೋರ್ಡ್ ಬದಲಿಸಬೇಕು ಎಂದರು ಸರ್ವಿಸ್‌ನವರು. ಹೇಳಿದ ರೇಟು ಕೇಳಿ ವಾಪಸ್ ತಂದೆ. ಈ ಸಲ ನಾನೇ ಬಿಚ್ಚಿ ಕಟ್ಟುವಂಥದ್ದು ಬೇಕು. ಎರಡೂ ಕಡೆ ಮಾನಿಟರ್ ಇದೆ. ಡಬ್ಬ ಮಾತ್ರ ರಾತ್ರಿ ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡಬೇಕು.

ಸಾಫ್ಟ್‌ವೇರ್ ಪ್ರೀಮಿಯರ್. ಸೋನಿ ಕ್ಯಾಮೆರಾ, 4ಕೆ, 10 ಬಿಟ್ 4:2:2, ಎಚ್.265. ಅಂದರೆ ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಕುಗ್ಗಿಸಿದ ಫೈಲು. ಬಜೆಟ್ ಒಂದು ಲಕ್ಷ, ಎಳೆದರೆ ಇನ್ನು ಹತ್ತು ಸಾವಿರ. ಫ್ರ್ಯಾಕ್ಟಲ್ ಟೆರಾ ಕೇಸ್ ಮೇಲೆ ಮನಸ್ಸಿದೆ. ಹಳೆ ಪಿಸಿಯ 550 ವ್ಯಾಟ್ ಪವರ್ ಸಪ್ಲೈ ಇದೆ, ಅದನ್ನೇ ಹಾಕಬಹುದಾ? ಊರಲ್ಲಿ ಮಳೆಗಾಲದ ಕರೆಂಟಿನ ಕತೆ ಬೇರೆ ಹೇಳಬೇಕಿಲ್ಲ.

ಸುಮ್ನೆ ಒಂದ್ಮಾತು:

ಒಂದು ಮಿನಿ ಪಿಸಿ ತಗೊಂಡು ಬ್ಯಾಗಿಗೆ ಹಾಕಿಕೊಳ್ಳಿ ಸರ್. ಒಂದೇ ಕೈಯಲ್ಲಿ ಹಿಡಿಯಬಹುದು. ಕಟ್ಟೋದೆಲ್ಲ ತಲೆನೋವು.

ಪುತ್ತೂರು ಪ್ಯಾಸೆಂಜರ್:

ಮಿನಿ ಪಿಸಿ ಹೋದರೆ ಮತ್ತೆ ಅದೇ ಕತೆ, ಪೂರ್ತಿ ಬೋರ್ಡ್ ಬದಲಿಸಿ ಅನ್ನುತ್ತಾರೆ. ಅವರು ಬೇಡ ಅಂದಿದ್ದೇ ಅದನ್ನು.

ಕೊಪ್ಪದವರೇ, ನಾನು ಮೂರು ವರ್ಷದಿಂದ ಬೆಂಗಳೂರು–ಪುತ್ತೂರು ನಡುವೆ ಇದೇ ಸಾಹಸ ಮಾಡುತ್ತಿದ್ದೇನೆ, ಶಿರಾಡಿ ಘಾಟಿಯ ಹೊಂಡಗಳ ಮೇಲೆ. ಓದಿ ಕಲಿತದ್ದು ಕಡಿಮೆ, ದುಡ್ಡು ಕಳೆದು ಕಲಿತದ್ದೇ ಜಾಸ್ತಿ.

ಹಳೆ ಪವರ್ ಸಪ್ಲೈ ಮರೆತುಬಿಡಿ. ಅದು ಎಟಿಎಕ್ಸ್, ಅಂದರೆ ದೊಡ್ಡ ಪಿಸಿಯ ಅಳತೆಯದ್ದಾಗಿರುತ್ತದೆ, 150 ಮಿ.ಮೀ. ಅಗಲ, 86 ಎತ್ತರ. ಈ ಕೇಸುಗಳಿಗೆ ಬೇಕಾದ್ದು ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯದ್ದು. 125 ಅಗಲ, 63.5 ಎತ್ತರ, 100 ಉದ್ದ. ನಾನೂ ಹಳೆಯದನ್ನೇ ತುರುಕಲು ಹೋಗಿದ್ದೆ. ಸ್ಕ್ರೂ ತೂತೇ ಕೂಡಲಿಲ್ಲ.

ಟೆರಾ ನೋಡಲು ಚೆಂದ, ಒಪ್ಪುತ್ತೇನೆ. 10.4 ಲೀಟರ್. ಆದರೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಬೋರ್ಡಿನ ಬೆನ್ನ ಹಿಂದೆ ಕೂರುತ್ತದೆ, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ಪ್ರೊಸೆಸರ್ ಕೂಲರ್‌ಗೆ ಹೆಚ್ಚೆಂದರೆ 77 ಮಿ.ಮೀ. ದಪ್ಪ ಕಾರ್ಡ್ ಹಾಕಿದರೆ ನಡುವಿನ ಗೋಡೆ ಸರಿಸಬೇಕು, ಆಗ ಕೂಲರ್‌ನ ಜಾಗ ಇನ್ನೂ ಕಡಿಮೆ. ನನ್ನ ಹತ್ತಿರ ಇರುವುದು ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಕೇಸ್. 18.25 ಲೀಟರ್. 15 ಲೀಟರಿನ ಎಣ್ಣೆ ಡಬ್ಬ ಗೊತ್ತಲ್ವಾ, ಅದಕ್ಕಿಂತ ಸ್ವಲ್ಪ ದೊಡ್ಡದು. ಕಾರ್ಡನ್ನು ನೇರ ಬೋರ್ಡಿಗೇ ಸಿಕ್ಕಿಸಬಹುದು, ರೈಸರ್ ಬೇಡ. ಮೊದಲ ಸಲ ಕಟ್ಟುವಾಗ ಒಳಗೆ ಕೈ ಆಡಬೇಕು, ಇದರಲ್ಲಿ ಆಡುತ್ತದೆ. ನನ್ನದು ಎಲ್ಲ ಸೇರಿ ಎಂಟೂವರೆ ಕೆಜಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ.

155 ಮಿ.ಮೀ. ಎತ್ತರದ ಕೂಲರ್ ಹಿಡಿಯುತ್ತದೆ ಅಂತ ಅದರ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಮನೆಯಲ್ಲೇ ಇರುವ ಪಿಸಿಗೆ ಅದು ಸರಿ. ನಾನು ಅಂಥದ್ದೇ ಎತ್ತರದ ಕೂಲರ್ ಹಾಕಿಸಿ ಬಸ್ ಹತ್ತಿದೆ. ಗುಂಡ್ಯದ ಹತ್ತಿರ ಡಬ್ಬದಿಂದ ಕಟಕಟ ಸದ್ದು. ಮನೆಗೆ ಹೋಗಿ ಬಿಚ್ಚಿದರೆ ಒಂದು ಬದಿಯ ಸ್ಕ್ರೂ ಸಡಿಲ, ಕೂಲರ್ ವಾಲಿತ್ತು. ಈಗ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47. ಹೆಸರೇ ಹೇಳುವ ಹಾಗೆ ಎತ್ತರ 47 ಮಿ.ಮೀ. ಹೊಂಡಕ್ಕೂ ಅಲ್ಲಾಡುವುದಿಲ್ಲ. ಅದರ ಪಕ್ಕದಲ್ಲಿ ಎತ್ತರದ ಲೋಹದ ಟೋಪಿ (ಹೀಟ್ ಸ್ಪ್ರೆಡರ್) ಹಾಕಿದ ರ‍್ಯಾಮ್ ಬೇಡ, ತಗಲುತ್ತದೆ.

ಇನ್ನು ಪ್ರೊಸೆಸರ್. ಇದನ್ನು ನಿಮ್ಮ ಕ್ಯಾಮೆರಾ ತೀರ್ಮಾನಿಸುತ್ತದೆ. 4:2:2 10 ಬಿಟ್ ಎಚ್.265 ಫೈಲನ್ನು ಡಿಕೋಡ್ ಮಾಡುವ, ಅಂದರೆ ಬಿಚ್ಚಿ ತೋರಿಸುವ ಶಕ್ತಿ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿದೆ, 11ನೇ ಪೀಳಿಗೆಯಿಂದ. ಎನ್ವಿಡಿಯಾ ಗೇಮಿಂಗ್ ಕಾರ್ಡುಗಳಲ್ಲಿ ಅದು ಬಂದದ್ದು 50 ಸರಣಿಯಲ್ಲಿ. ಅದಕ್ಕೂ ಹಿಂದಿನ 4060 ಕಾರ್ಡ್ ಹಾಕಿ, ಟೈಮ್‌ಲೈನ್ ಯಾಕೆ ತೊದಲುತ್ತದೆ ಅಂತ ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ನಿಮಗೆ ಇಂಟೆಲ್‌ನ 12ನೇ ಪೀಳಿಗೆಯ ಐ5-12400 ಸಾಕು. ಹೆಸರಿನ ಕೊನೆಗೆ ಎಫ್ ಇರಬಾರದು, ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಎಸ್‌ಪಿ ರೋಡಿನಲ್ಲಿ ನನಗೂ "ಎಫ್ ತಗೊಳ್ಳಿ, ಕಡಿಮೆಯಾಗುತ್ತೆ" ಎಂದಿದ್ದರು. ಗೇಮ್ ಆಡುವವರಿಗೆ ಅದು ಒಳ್ಳೆಯ ಮಾತೇ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಕಾರ್ಡ್ ಇಲ್ಲದೆ ಶುರು ಮಾಡಿ. ಆಮೇಲೆ ಆರ್‌ಟಿಎಕ್ಸ್ 5060 ತಗೊಂಡರೂ ಅದನ್ನು ವಿಜಯನಗರದಲ್ಲೇ ಇಟ್ಟು ಹೋಗಿ. ಕೊಪ್ಪದಲ್ಲಿ ಕಟ್ ಮಾಡಿ, ಕಲರ್ ಮತ್ತು ಎಫೆಕ್ಟ್ ಬೆಂಗಳೂರಿಗೆ ಬಂದ ಮೇಲೆ. ಡಬ್ಬ ಹಗುರ, ಸ್ಲಾಟ್ ಮೇಲೆ ಭಾರವೂ ಇಲ್ಲ. 12400 ಟರ್ಬೋದಲ್ಲಿ, ಅಂದರೆ ಪೂರ್ತಿ ವೇಗದಲ್ಲಿ, 117 ವ್ಯಾಟ್ ತನಕ ಎಳೆಯುತ್ತದೆ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್) 65ಕ್ಕೆ ಕಟ್ಟಿಹಾಕಿ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ, ಆದರೆ ಫ್ಯಾನ್ ಸದ್ದು ಕಡಿಮೆ, ರಾತ್ರಿ ಪಕ್ಕದಲ್ಲಿ ಮಲಗಿದವರು ಬೈಯುವುದಿಲ್ಲ.

ಬೋರ್ಡ್ ಮಿನಿ ಐಟಿಎಕ್ಸ್, 170ಕ್ಕೆ 170 ಮಿ.ಮೀ. ರ‍್ಯಾಮ್ ಸ್ಲಾಟ್ ಎರಡೇ. ಹಾಗಾಗಿ 16 ಜಿಬಿಯ ಎರಡು ಕಡ್ಡಿ ಒಟ್ಟಿಗೇ ಹಾಕಿ, ಆಮೇಲೆ ಸೇರಿಸುತ್ತೇನೆ ಅಂದರೆ ಜಾಗ ಇರುವುದಿಲ್ಲ. ಹಲವು ಬೋರ್ಡುಗಳಲ್ಲಿ ಎಸ್‌ಎಸ್‌ಡಿ ಕೂರುವ ಎರಡನೇ ಎಂ.2 ಸ್ಲಾಟ್ ಹಿಂಬದಿಯಲ್ಲಿರುತ್ತದೆ. ಕೇಸಿಗೆ ಕೂರಿಸುವ ಮೊದಲೇ ಎಸ್‌ಎಸ್‌ಡಿ ಹಾಕಿಬಿಡಿ. ನನಗೆ ಇದು ನೆನಪಾದದ್ದು ಎಲ್ಲ ಮುಗಿಸಿ, ಕೇಬಲ್ ಕಟ್ಟಿ, ಟೀ ಕುಡಿಯುವಾಗ. ಟೀ ಆರಿಹೋಯಿತು, ಪೂರ್ತಿ ಬಿಚ್ಚಿದೆ.

ಏನನ್ನೂ ಕೊಳ್ಳುವ ಮೊದಲು ರಟ್ಟಿನಲ್ಲಿ ಒಂದು ಡಬ್ಬ ಮಾಡಿ ನೋಡಿ. ಎನ್‌ಆರ್200ರ ಅಳತೆಗೇ, 360 ಮಿ.ಮೀ. ಉದ್ದ, 185 ಅಗಲ, 274 ಎತ್ತರ. ಅದನ್ನು ಹಿಡಿದು ಒಂದು ಸಲ ಊರಿಗೆ ಹೋಗಿ ಬನ್ನಿ.

ಶೃಂಗೇರಿ ಭಟ್ರು:

ಕರೆಂಟಿನದ್ದು ನಾನು ಹೇಳುತ್ತೇನೆ ಮಾರಾಯ್ರೆ, ನಮ್ಮದೂ ಅದೇ ಹಣೆಬರಹ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದೆ ನಿಮ್ಮ ಡಬ್ಬ, ಮಾನಿಟರ್ ಎಲ್ಲ ಸೇರಿ 150ರ ಆಸುಪಾಸು ಬರಬಹುದು, ಆರಾಮ. 5060 ಒಂದೇ 145 ವ್ಯಾಟ್ ಸೇರಿಸುತ್ತದೆ. ಆಗಲೂ ನಡೆಯುತ್ತದೆ, ಆದರೆ ಬ್ಯಾಟರಿ ಬೇಗ ಖಾಲಿ, ಫೈಲ್ ಸೇವ್ ಮಾಡಿ ಎದ್ದುಬಿಡಬೇಕು ಅಷ್ಟೇ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಒಂದು ಸ್ವಿಚ್ ಇದೆಯಾ ನೋಡಿ, ಯುಪಿಎಸ್ ಮೋಡ್ ಅಂತ. ಅದನ್ನು ಹಾಕದಿದ್ದರೆ ಕರೆಂಟ್ ಹೋದಾಗ ಫ್ಯಾನ್, ಲೈಟಿಗೆ ಗೊತ್ತೇ ಆಗುವುದಿಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ನಾನು ಎರಡು ವರ್ಷ ಪವರ್ ಸಪ್ಲೈಯನ್ನೇ ಬೈದುಕೊಂಡಿದ್ದೆ. ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಬೆರಳು ಸಾಕಾಯಿತು.

ಮತ್ತೆ ಇರುವೆ. ಬೆಚ್ಚಗಿರುವ ಡಬ್ಬ ಅಂದರೆ ಅವಕ್ಕೆ ಪ್ರೀತಿ. ನೆಲದ ಮೇಲೆ ಇಡಬೇಡಿ.

ಕೊಪ್ಪದ ಎಡಿಟರ್:

ಪುತ್ತೂರಿನವರಿಗೆ, ಭಟ್ಟರಿಗೆ ಥ್ಯಾಂಕ್ಸ್. ಟೆರಾ ಆಸೆ ಬಿಟ್ಟೆ, ಸ್ವಲ್ಪ ಬೇಜಾರಿನಿಂದಲೇ. ಎನ್‌ಆರ್200 ಬುಕ್ ಮಾಡಿದ್ದೇನೆ. ಎಫ್ ಇಲ್ಲದ 12400 ಬಂತು, ಬಿಲ್ಲಿನಲ್ಲಿ ಎರಡು ಸಲ ಓದಿದೆ. ಐಟಿಎಕ್ಸ್ ಬೋರ್ಡ್ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ತಿರುಗಿದರೂ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ಹಾಕಿದೆ. ಕಾರ್ಡ್ ಸದ್ಯಕ್ಕೆ ಇಲ್ಲ.

ಇನ್ವರ್ಟರ್ ಸ್ವಿಚ್ ನಮ್ಮದೂ ಉಲ್ಟಾ ಇತ್ತು ಭಟ್ರೇ. ಅಪ್ಪನಿಗೆ ಫೋನ್ ಮಾಡಿ ತಿರುಗಿಸಲು ಹೇಳಿದೆ.

ರಟ್ಟಿನ ಡಬ್ಬವನ್ನು ನಿಜವಾಗಿಯೂ ಮಾಡಿದೆ. ಹೋದ ಶುಕ್ರವಾರ ಹಿಡಿದುಕೊಂಡೇ ಬಸ್ ಹತ್ತಿದೆ. ತಲೆ ಮೇಲಿನ ರ‍್ಯಾಕಿನಲ್ಲಿ ಹಿಡಿಸಲಿಲ್ಲ, ಸೀಟಿನ ಮುಂದೆ ಕಾಲುಗಳ ನಡುವೆ ಸರಿಯಾಗಿ ಕೂತಿತು. ಕಂಡಕ್ಟರ್ ಬಂದು ಲಗೇಜ್ ಟಿಕೆಟ್ ತಗೊಳ್ಳಿ ಎಂದರು. ಎತ್ತಿ ತೋರಿಸಿದೆ, ಒಳಗೆ ಏನೂ ಇಲ್ಲ. ಹಾಗಾದರೆ ಇದನ್ನು ಯಾಕೆ ಊರಿಗೆ ಒಯ್ಯುತ್ತಿದ್ದೀರಿ ಎಂದು ಕೇಳಿದರು. ಹಾಸನ ಬರುವ ತನಕ ವಿವರಿಸಿದೆ.